ಮನೆಯವರಿಗೂ ಅಡಿಕೆ ಗೋಣಿಗೂ ಒಂದೇ ಕರೆಂಟ್ ಪಿಕಪ್ ಸಾಕಾ?

ತೋಟದಮನೆ ಪೆರ್ಲ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಸರಗೋಡಿನ ಪೆರ್ಲದಿಂದ ನಾಲ್ಕು ಕಿಲೋಮೀಟರ್ ಒಳಗೆ. ಕೊನೆಯ ಒಂದು ಕಿಲೋಮೀಟರ್ ಮಣ್ಣಿನ ಮಾರ್ಗ, ಅದರಲ್ಲೊಂದು ಒಳ್ಳೆ ಚಡವು, ಕಡಿದಾದ ಏರು. ಮನೆಯಲ್ಲಿ ಅಪ್ಪ, ಅಮ್ಮ, ನಾವಿಬ್ಬರು, ಮಕ್ಕಳಿಬ್ಬರು. ಗಾಡಿ ಎರಡು ಉಂಟು. ಒಂದು 1998ರ ಮಹೀಂದ್ರಾ ಜೀಪು, ಇನ್ನೊಂದು ಹನ್ನೊಂದು ವರ್ಷ ಹಳೆಯ ಸಣ್ಣ ಕಾರು. ಜೀಪಿನಲ್ಲಿ ಅಡಿಕೆ, ಹಿಂಡಿ, ಗೊಬ್ಬರ. ಕಾರಿನಲ್ಲಿ ಶಾಲೆ, ಮದುವೆ, ಮಂಗಳೂರಿನ ಆಸ್ಪತ್ರೆ. ಈಗ ಎರಡಕ್ಕೂ ಒಟ್ಟಿಗೆ ಖರ್ಚು ಬಂದಿದೆ. ಎರಡನ್ನೂ ಕೊಟ್ಟು ಒಂದೇ ಗಾಡಿ ತೆಗೆದುಕೊಂಡರೆ ಹೇಗೆ ಅಂತ ತಲೆಗೆ ಹೊಕ್ಕಿದೆ.

ಮೊನ್ನೆ ಒಬ್ಬ ನೆಂಟ ಅಮೆರಿಕದಿಂದ ವಿಡಿಯೋ ಕಳಿಸಿದ. ಡಬಲ್ ಕ್ಯಾಬ್, ಅಂದರೆ ಎರಡು ಸಾಲು ಸೀಟಿನ ಕರೆಂಟ್ ಪಿಕಪ್. ಒಳಗೆ ಮಕ್ಕಳು ಆರಾಮ ಕೂತಿದ್ದಾರೆ, ಹಿಂದೆ ಮರದ ಹಲಗೆ ಪೇರಿಸಿದ್ದಾರೆ, ಬದಿಯ ಪ್ಲಗ್ಗಿನಿಂದ ಗರಗಸ ಓಡುತ್ತಾ ಉಂಟು. ನೋಡಿದಾಗಿನಿಂದ ನಿದ್ದೆ ಇಲ್ಲ. ಫೋರ್ಡ್ ಲೈಟ್ನಿಂಗ್, ರಿವಿಯನ್, ಸೈಬರ್‌ಟ್ರಕ್, ಇಸುಜು, ಹೈಲಕ್ಸ್ ಅಂತ ಹೆಸರುಗಳು ಸಿಗುತ್ತವೆ. ಮನೆಗೆ ಹಿಡಿಸುವುದು ಯಾವುದು? ಓಡಿಸಿದವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ.

ಕುಂಬಳೆ ಲೋಕಲ್
ಮನೆಯಲ್ಲಿ ಆರು ಜನ ಅಂತ ನೀವೇ ಬರೆದಿದ್ದೀರಿ. ಡಬಲ್ ಕ್ಯಾಬ್‌ನಲ್ಲಿ ಸೀಟು ಐದು. ಆರನೆಯವರನ್ನು ಗೋಣಿಯ ಮೇಲೆ ಕೂರಿಸುವುದಾ?

ತೋಟದಮನೆ ಪೆರ್ಲ
ಅಯ್ಯೋ. ಇದು ಹೊಳೆಯಲೇ ಇಲ್ಲ ನೋಡಿ. ಜೀಪಿನಲ್ಲಿ ಸೀಟು ಲೆಕ್ಕ ಹಾಕಿ ಅಭ್ಯಾಸವೇ ಇಲ್ಲ.

ಬದಿಯಡ್ಕ ಡ್ರೈವರ್
ಹಿಂದೆ ಜನ ಕೂರಿಸುವ ಯೋಚನೆ ತಮಾಷೆಗೂ ಬೇಡ. ಸಾಮಾನಿನ ಜಾಗದಲ್ಲಿ ಮನುಷ್ಯರನ್ನು ಕೊಂಡುಹೋದರೆ ಕೇಸು. ಅಪಘಾತವಾದರೆ ಇನ್ಶೂರೆನ್ಸಿನವರು ಕೈ ಎತ್ತುತ್ತಾರೆ. ನಾನು ಹದಿನಾಲ್ಕು ವರ್ಷದಿಂದ ಪಿಕಪ್ ಓಡಿಸುತ್ತಿದ್ದೇನೆ. ಮದುವೆಗೆ ಪಾತ್ರೆ ಕೊಂಡುಹೋಗುವಾಗ "ನಾಲ್ಕು ಮಕ್ಕಳು ಹಿಂದೆ ಕೂರಲಿ" ಅನ್ನದ ಮನೆ ಇಲ್ಲ. ನಾನು ಕೂರಿಸುವುದಿಲ್ಲ.

ಹೊಸಂಗಡಿ ಹರಟೆ
ಅದಕ್ಕೂ ಮೊದಲು ಒಂದು ಮಾತು. ಈ ಗಾಡಿಗಳಲ್ಲಿ ನಮ್ಮ ದೇಶದಲ್ಲಿ ಸಿಗುವುದು ಯಾವುದು? ನನಗೆ ಗೊತ್ತಿರುವ ಹಾಗೆ ಕರೆಂಟಿನದ್ದು ಒಂದೂ ಇಲ್ಲ.

ಉಪ್ಪಳದ ಹುಡುಗ
ಸರಿ ಹೇಳಿದಿರಿ. ಡಬಲ್ ಕ್ಯಾಬ್ ಬೇಕಾದರೆ ಇಲ್ಲಿ ಇಸುಜು ವಿ-ಕ್ರಾಸ್ ಮತ್ತು ಟೊಯೋಟಾ ಹೈಲಕ್ಸ್ ಉಂಟು. ಎರಡೂ ಡೀಸೆಲ್. ವಿ-ಕ್ರಾಸ್ 2016ರಿಂದ ಇದೆ, ಆಂಧ್ರದ ಶ್ರೀಸಿಟಿಯಲ್ಲಿ ತಯಾರಾಗುತ್ತದೆ. ಹೈಲಕ್ಸ್ 2022ರಲ್ಲಿ ಬಂತು. ಡಿ-ಮ್ಯಾಕ್ಸ್ ಅನ್ನುವ ಕರೆಂಟ್ ಪಿಕಪ್ಪನ್ನು ಇಸುಜುದವರು 2025ರ ಜನವರಿಯಲ್ಲಿ ದೆಹಲಿಯ ವಾಹನ ಮೇಳಕ್ಕೆ ತಂದು ತೋರಿಸಿದ್ದರು. ತೋರಿಸುವುದು ಬೇರೆ, ಮಾರುವುದು ಬೇರೆ.

ನಮ್ಮಲ್ಲಿ ಸಿಗುವ ಕರೆಂಟ್ ಸಾಮಾನು ಗಾಡಿ ಅಂದರೆ ಟಾಟಾ ಏಸ್ ಇವಿ, ಏಸ್ ಪ್ರೊ ಇವಿ, ಮಹೀಂದ್ರಾ ಜಿಯೋ, ಅಂಥವು. ಏಸ್ ಪ್ರೊದಲ್ಲಿ 14.4 ಯೂನಿಟ್ ಬ್ಯಾಟರಿ, 750 ಕೆಜಿ ಹೊರುತ್ತದೆ. ಮುಂದೆ ಇಬ್ಬರು ಕೂರಬಹುದು, ಅಷ್ಟೇ. ಪೆರ್ಲದ ಪೇಟೆಗೆ ಅಡಿಕೆ ಹಾಕಲು ಸಾಕು. ಮಂಗಳೂರಿಗೆ ಮದುವೆಗೆ ಹೋಗಲು ಅದನ್ನು ತೆಗೆದರೆ ಹೆಂಡತಿ ತವರಿಗೆ ಹೋಗುತ್ತಾಳೆ. ಅದೂ ಬಸ್ಸಿನಲ್ಲಿ.

ನೀರ್ಚಾಲು ಟೀಚರ್
ಹೆಂಡತಿ ಯಾಕೆ ತವರಿಗೆ ಹೋಗಬೇಕು? ಗಾಡಿ ಅವಳೇ ಓಡಿಸಿಕೊಂಡು ಹೋಗಬಹುದಲ್ವಾ. ನಮ್ಮನೆಯಲ್ಲಿ ಓಡಿಸುವುದು ನಾನೇ.

ಉಪ್ಪಳದ ಹುಡುಗ
ತಪ್ಪಾಯ್ತು ಟೀಚರೇ 🙏

ಟೆಕ್ಸಾಸ್ ಮುಳ್ಳೇರಿಯ
ನನ್ನ ಹತ್ತಿರ ಲೈಟ್ನಿಂಗ್ ಉಂಟು. ಮೂರು ವರ್ಷ ಆಯಿತು. ಹೆಂಡತಿ, ಎರಡು ಮಕ್ಕಳು, ಒಂದು ನಾಯಿ. ಮನೆಯ ಗಾಡಿಯಾಗಿ ಹೇಗಿದೆ ಅಂತ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಒಳಗಿನ ಜಾಗ ಧಾರಾಳ. ಹಿಂದಿನ ಸೀಟಿನಲ್ಲಿ ನಾನು ಕಾಲು ಚಾಚಿ ನಿದ್ದೆ ಮಾಡಿದ್ದೇನೆ. ಮುಂದೆ ಇಂಜಿನ್ ಇಲ್ಲದ ಕಾರಣ ಬಾನೆಟ್ಟಿನ ಅಡಿಯಲ್ಲಿ 400 ಲೀಟರ್‌ನ ಡಿಕ್ಕಿ. ತರಕಾರಿ, ಹಾಲು, ಮಕ್ಕಳ ಬ್ಯಾಗು ಎಲ್ಲ ಅದಕ್ಕೇ. ಮೊದಲ ವಾರ ನನಗೆ ಅದರ ಬೆಲೆ ಗೊತ್ತಾಗಲಿಲ್ಲ. ಮಳೆ ಬಂದ ದಿನ ಗೊತ್ತಾಯಿತು. ಪಿಕಪ್ಪಿನ ಹಿಂಬದಿ ಅಂದರೆ ತೆರೆದ ಅಂಗಳ. ಮನೆಯ ಸಾಮಾನಿಗೆ ಬಾಗಿಲು ಹಾಕುವ ಜಾಗ ಬೇಕೇ ಬೇಕು.

ಲೈಟ್ನಿಂಗ್ ಅಂದರೆ ಫೋರ್ಡಿನ ಎಫ್-150 ಪಿಕಪ್ಪಿನ ಕರೆಂಟ್ ರೂಪ. ಸಾಮಾನ್ಯ ಎಫ್-150ರ ಹಿಂದೆ ಲೀಫ್ ಸ್ಪ್ರಿಂಗ್. ಖಾಲಿ ಇದ್ದರೆ ಕುಣಿಯುತ್ತದೆ. ಲೈಟ್ನಿಂಗ್‌ನಲ್ಲಿ ಹಿಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್, ಕಾಯಿಲ್ ಸ್ಪ್ರಿಂಗ್. ಮಕ್ಕಳಿಗೆ ವಾಂತಿ ಬರುವುದಿಲ್ಲ, ಅಮ್ಮ ಬಂದಾಗ ಬೆನ್ನು ನೋವು ಅನ್ನಲಿಲ್ಲ. ಮನೆಮಂದಿಗೆ ತೆಗೆಯುವವರು ಮೊದಲು ನೋಡಬೇಕಾದದ್ದು ಇದನ್ನು. ಎಷ್ಟು ಸೆಕೆಂಡಿನಲ್ಲಿ ನೂರು ಮುಟ್ಟುತ್ತದೆ ಅಂತ ಅಲ್ಲ.

ಇನ್ನು ತೊಂದರೆ. ಉದ್ದ 5.9 ಮೀಟರ್. ಅಗಲ ಕನ್ನಡಿ ಬಿಟ್ಟು 2 ಮೀಟರ್ ದಾಟುತ್ತದೆ. ನಮ್ಮ ಮುಳ್ಳೇರಿಯದ ಮನೆಯ ದಾರಿಗೆ ಇದು ಬರುವುದೇ ಇಲ್ಲ, ಕನಸಿನಲ್ಲಿ ಓಡಿಸಿ ನೋಡಿದ್ದೇನೆ, ಅಲ್ಲೂ ಗೇಟಿಗೆ ತಾಗಿತು. ದೊಡ್ಡ ಬ್ಯಾಟರಿಗೆ ಕಂಪನಿ ಲೆಕ್ಕ ಸುಮಾರು 515 ಕಿಲೋಮೀಟರ್. ಹಿಂದೆ ಎತ್ತರದ ಟ್ರೈಲರ್ ಕಟ್ಟಿದ ದಿನ ಅದು ಅರ್ಧಕ್ಕೆ ಬಂತು. ನನ್ನ ಒಬ್ಬನ ಕಥೆ ಅಲ್ಲ, ಎಲ್ಲ ಕರೆಂಟ್ ಪಿಕಪ್ಪಿನದ್ದೂ ಇದೇ ಕಥೆ. ಮತ್ತೆ ಇನ್ನೊಂದು, 2025ರ ಡಿಸೆಂಬರ್‌ನಲ್ಲಿ ಕಂಪನಿಯವರೇ ಪೂರ್ತಿ ಕರೆಂಟಿನ ಲೈಟ್ನಿಂಗ್ ನಿಲ್ಲಿಸುತ್ತೇವೆ ಅಂದರು. ಮುಂದೆ ಬರುವುದರಲ್ಲಿ ಚಾರ್ಜ್ ಮಾಡಲು ಪೆಟ್ರೋಲ್ ಜನರೇಟರ್ ಇರುತ್ತದಂತೆ.

ಹೊಸಂಗಡಿ ಹರಟೆ
ಅಷ್ಟು ದೊಡ್ಡ ಕಂಪನಿಯೇ ನಿಲ್ಲಿಸಿತು ಅಂದರೆ ಅರ್ಥ ಮಾಡಿಕೊಳ್ಳಿ. ಪಿಕಪ್ಪಿಗೆ ಕರೆಂಟು ಹಿಡಿಸುವುದಿಲ್ಲ.

ಟೆಕ್ಸಾಸ್ ಮುಳ್ಳೇರಿಯ
ಅದು ಹಾಗಲ್ಲ. ದುಬಾರಿ, ಅದಕ್ಕೇ ಮಾರಾಟ ಕಮ್ಮಿ. ಗಾಡಿ ಕೆಟ್ಟದ್ದು ಅಂತ ಯಾರೂ ಹೇಳಲಿಲ್ಲ. ದಿನಕ್ಕೆ 60 ಕಿಲೋಮೀಟರ್ ಓಡಿಸುವ ನನ್ನಂಥವನಿಗೆ ಇದಕ್ಕಿಂತ ಸುಖದ ಗಾಡಿ ಇಲ್ಲ. ದಿನಾ ಭಾರ ಎಳೆದು 400 ಕಿಲೋಮೀಟರ್ ಹೋಗುವವನಿಗೆ ಆಗದು.

ಉಪ್ಪಳದ ಹುಡುಗ
ನಾನು ದುಬೈಯಲ್ಲಿ ಸೈಬರ್‌ಟ್ರಕ್ ಹತ್ತಿರದಿಂದ ನೋಡಿದ್ದೇನೆ. ಅಲ್ಲಿನ ಪೊಲೀಸರು 2024ರಲ್ಲೇ ಒಂದು ತಂದಿದ್ದಾರೆ. ಫೋಟೋ ತೆಗೆಯಲು ಜನವೋ ಜನ. ಸ್ಟೀಲಿನ ಮೈ. ನಮ್ಮ ಸೆಕೆಗೆ ಬೆವರಿದ ಕೈ ಇಟ್ಟರೆ ಅಚ್ಚು ಹಾಗೇ ಉಳಿಯುತ್ತದೆ, ಅಡುಗೆಮನೆಯ ತಟ್ಟೆಯ ಹಾಗೆ. ಅಮೆರಿಕದಲ್ಲಿ 2025ರ ಮಾರ್ಚಿನಲ್ಲಿ 46 ಸಾವಿರ ಗಾಡಿ ವಾಪಸ್ ಕರೆದರು. ಮಾಡಿನ ಅಂಚಿನ ಸ್ಟೀಲ್ ಪಟ್ಟಿ ಅಂಟು ಬಿಟ್ಟು ಹಾರಿಹೋಗುವ ಅಪಾಯ ಇತ್ತು.

ಕುಂಬಳೆ ಲೋಕಲ್
ಅಂಟಿನಲ್ಲಿ ಅಂಟಿಸಿದ್ದಾ? ಅಷ್ಟು ಲಕ್ಷ ಕೊಟ್ಟು? ನಮ್ಮ ಜೀಪಿನ ಬಾಗಿಲಿಗೆ ಬೈರಾಸು ಕಟ್ಟಿದ್ದಕ್ಕೆ ನಗುತ್ತಾರೆ.

ಅಡಿಲೇಡ್ ಅಕ್ಕ
ಇಲ್ಲಿ ಆಸ್ಟ್ರೇಲಿಯಾದಲ್ಲಿ ಪಿಕಪ್ಪಿಗೆ ಯೂಟ್ ಅನ್ನುತ್ತಾರೆ. ಬೀದಿಯಲ್ಲಿ ಮೂರು ಮನೆಗೊಂದು ಉಂಟು. ಅದರಲ್ಲೇ ಮಕ್ಕಳನ್ನು ಶಾಲೆಗೆ ಬಿಡುತ್ತಾರೆ, ಅದರಲ್ಲೇ ಸಿಮೆಂಟು ತರುತ್ತಾರೆ. ಹಾಗಾಗಿ ಮನೆಯ ಗಾಡಿಯಾಗಿ ಪಿಕಪ್ ಆಗುವುದೇ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಪೂರ್ತಿ ಕರೆಂಟಿನದ್ದು ಇಲ್ಲಿ ಮೊದಲು ಬಂದದ್ದು 2022ರಲ್ಲಿ, ಎಲ್‌ಡಿವಿ ಇಟಿ60. 88.5 ಯೂನಿಟ್ ಬ್ಯಾಟರಿ, 330 ಕಿಲೋಮೀಟರ್. ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ, ಎಳೆಯುವುದು ಒಂದೇ ಟನ್. ಬೆಲೆ 90 ಸಾವಿರ ಡಾಲರ್ ದಾಟಿತ್ತು. ಯಾರು ತೆಗೆಯುತ್ತಾರೆ? ನಾವು ತೆಗೆದದ್ದು ಬಿವೈಡಿ ಶಾರ್ಕ್. ಅದು ಅರ್ಧ ಕರೆಂಟು, ಅರ್ಧ ಪೆಟ್ರೋಲು. ಸುಮಾರು 30 ಯೂನಿಟ್ ಬ್ಯಾಟರಿ, ಜೊತೆಗೆ 1.5 ಲೀಟರ್ ಟರ್ಬೊ ಇಂಜಿನ್. ಶಾಲೆ, ಅಂಗಡಿ, ಕೆಲಸ ಎಲ್ಲ ಚಾರ್ಜಿನಲ್ಲೇ ಮುಗಿಯುತ್ತದೆ. ದೂರ ಹೋದರೆ ಇಂಜಿನ್ ಇದೆ. ಹಿಂದಿನ ಸೀಟು ಚೆನ್ನಾಗಿದೆ, ನೆಟ್ಟಗೆ ಗೋಡೆಗೆ ಒರಗಿದ ಹಾಗೆ ಇಲ್ಲ. ಹೊರುವುದು 790 ಕೆಜಿ, ಅದು ಇಲ್ಲಿನ ಡೀಸೆಲ್ ಯೂಟ್‌ಗಳಿಗಿಂತ ಕಮ್ಮಿ. ಗಂಡನಿಗೆ ಅದೊಂದು ಬೇಸರ. ಅವರು ಹೊರುವುದು ವರ್ಷಕ್ಕೆ ಎರಡು ಸಲ, ಅದೂ ಹುಲ್ಲುಕಡ್ಡಿ.

ಬದಿಯಲ್ಲಿ ಪ್ಲಗ್ ಉಂಟು, 6.6 ಕಿಲೋವ್ಯಾಟ್ ಕೊಡುತ್ತದೆ. ಕಳೆದ ಸಲ ಸಮುದ್ರದ ಬದಿಗೆ ಹೋದಾಗ ಅದಕ್ಕೇ ಗ್ರೈಂಡರ್ ಸಿಕ್ಕಿಸಿ ನೀರುದೋಸೆಗೆ ಅಕ್ಕಿ ಕಡೆದೆವು. ಪಕ್ಕದ ಟೆಂಟಿನವರು ಎದ್ದು ಬಂದು ನೋಡಿದರು.

ನೀರ್ಚಾಲು ಟೀಚರ್
ನೀರುದೋಸೆಗೆ ಗ್ರೈಂಡರೇ ಹೊತ್ತುಕೊಂಡು ಹೋದಿರಾ ಅಕ್ಕ! ಚಟ್ನಿ ಎಂತದ್ದು?

ಅಡಿಲೇಡ್ ಅಕ್ಕ
ಮಿಕ್ಸಿಯನ್ನೂ ಕೊಂಡುಹೋಗಿದ್ದೆ. ಕಾಯಿಚಟ್ನಿ 😄

ಕರೆಂಟ್ ಮಾಸ್ಟ್ರು
ಪ್ಲಗ್ಗಿನ ವಿಷಯ ಬಂದದ್ದು ಒಳ್ಳೆಯದಾಯಿತು. ತೋಟದವರಿಗೆ ಇಡೀ ಚರ್ಚೆಯಲ್ಲಿ ಕೆಲಸಕ್ಕೆ ಬರುವ ಸಂಗತಿ ಇದೇ. ನಾನು ಐಟಿಐಯಲ್ಲಿ ಪಾಠ ಮಾಡಿ ನಿವೃತ್ತನಾದವನು, ಸ್ವಲ್ಪ ಉದ್ದ ಬರೆಯುತ್ತೇನೆ.

ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವಾಗ ಎಂತ ಮಾಡುತ್ತೇವೆ? ಮೈಲುತುತ್ತು, ಸುಣ್ಣ ಕಲಸಿ ಬೋರ್ಡೋ ದ್ರಾವಣ ಮಾಡಿಟ್ಟುಕೊಳ್ಳುತ್ತೇವೆ. ಪಂಪಿಗೆ ಪೆಟ್ರೋಲ್ ಇಂಜಿನ್, ಇಲ್ಲದಿದ್ದರೆ ಮನೆಯಿಂದ ವಯರು ಎಳೆದು ಮೋಟಾರು. ತೋಟದ ಆ ತುದಿಗೆ ಹೋಗುವಷ್ಟರಲ್ಲಿ ವೋಲ್ಟೇಜು ಬಿದ್ದಿರುತ್ತದೆ. ಗಾಡಿಯೇ ಕರೆಂಟು ಕೊಟ್ಟರೆ ಆ ರಗಳೆ ಇಲ್ಲ. 2 ಎಚ್‌ಪಿ ಮೋಟಾರು ಅಂದರೆ ಸುಮಾರು 1.5 ಕಿಲೋವ್ಯಾಟ್. ಆರು ಗಂಟೆ ಓಡಿದರೆ 9 ಯೂನಿಟ್, ನಷ್ಟ ಸೇರಿಸಿದರೆ 11 ಹಿಡಿಯಿರಿ. 60 ಯೂನಿಟ್ಟಿನ ಬ್ಯಾಟರಿಗೆ ಅದು ಐದರಲ್ಲಿ ಒಂದು ಪಾಲೂ ಅಲ್ಲ.

ಆದರೆ ಮೋಟಾರು ಹೊರಡುವ ಕ್ಷಣಕ್ಕೆ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ನಮ್ಮಲ್ಲಿ ಸಿಗುವ ನೆಕ್ಸಾನ್ ಇವಿಯಂಥ ಕಾರುಗಳಲ್ಲಿ ಹೊರಗೆ ಕೊಡುವುದು 3.3 ಕೆವಿಎ. 2 ಎಚ್‌ಪಿ ಮೋಟಾರು ನೇರ ಹಾಕಿದರೆ ಟ್ರಿಪ್ ಆಗುವ ಸಂಭವ ಜಾಸ್ತಿ. 1 ಎಚ್‌ಪಿ ಆದರೆ ಪ್ರಯತ್ನ ಮಾಡಬಹುದು. ಲೈಟ್ನಿಂಗ್‌ನಲ್ಲಿ 9.6 ಕಿಲೋವ್ಯಾಟ್ ಉಂಟು, ಅದಕ್ಕೆ ಈ ಸಮಸ್ಯೆ ಇಲ್ಲ. ಆದರೆ ಅಮೆರಿಕದ ಕರೆಂಟು 60 ಹರ್ಟ್ಸ್, ನಮ್ಮ ಮೋಟಾರುಗಳು 50ಕ್ಕೆ ಮಾಡಿದವು. ಮತ್ತೆ 5 ಎಚ್‌ಪಿ ತ್ರೀ ಫೇಸ್ ಬಾವಿ ಪಂಪನ್ನು ಇದರಲ್ಲಿ ಓಡಿಸುವ ಆಸೆ ಬೇಡ. ಗಾಡಿ ಕೊಡುವುದು ಸಿಂಗಲ್ ಫೇಸ್.

ತೋಟದಮನೆ ಪೆರ್ಲ
ಮಾಸ್ಟ್ರೇ, ಇದನ್ನು ಅಪ್ಪನಿಗೆ ಓದಿ ಹೇಳಿದೆ. ಮೊದಲ ಸಲ ಕಿವಿ ಕೊಟ್ಟರು. ಅಲ್ಲಿಯವರೆಗೆ "ಬ್ಯಾಟರಿ ಗಾಡಿ ಮಕ್ಕಳ ಆಟಿಕೆ" ಅನ್ನುತ್ತಿದ್ದರು.

ಮನೆಯಲ್ಲಿ ಚಾರ್ಜ್ ಮಾಡಲು ಎಷ್ಟು ಹೊತ್ತು ಬೇಕು? ನಮ್ಮದು ಸಿಂಗಲ್ ಫೇಸ್. ಮಳೆಗಾಲದಲ್ಲಿ ಕರೆಂಟು ಹೋದರೆ ಬರುವುದು ದೇವರು ನಡೆಸಿದ ಹಾಗೆ.

ಕರೆಂಟ್ ಮಾಸ್ಟ್ರು
ಕರೆಂಟಿನ ಡಿ-ಮ್ಯಾಕ್ಸ್ ಹಿಡಿಯೋಣ. ಬ್ಯಾಟರಿ 66.9 ಯೂನಿಟ್, ಕಂಪನಿ ಲೆಕ್ಕ 263 ಕಿಲೋಮೀಟರ್. ಮನೆಯ 16 ಆಂಪಿಯರ್ ಪ್ಲಗ್ಗಿನಿಂದ ಗಂಟೆಗೆ 3 ಯೂನಿಟ್ಟಿನ ಆಸುಪಾಸು ಒಳಗೆ ಹೋಗುತ್ತದೆ. ಪೂರ್ತಿ ತುಂಬಲು ಒಂದು ಹಗಲು ಒಂದು ರಾತ್ರಿ ಹತ್ತಿರ. ಆದರೆ ಪ್ರತಿದಿನ ಪೂರ್ತಿ ಯಾಕೆ ಬೇಕು? ರಾತ್ರಿ ಹತ್ತು ಗಂಟೆ ಹಾಕಿಟ್ಟರೆ 30 ಯೂನಿಟ್, ಅಂದರೆ ನೂರು ಕಿಲೋಮೀಟರ್ ಮೇಲೆ ಓಡುತ್ತದೆ. ನಿಮಗೆ ಕಾಸರಗೋಡಿಗೆ ಹೋಗಿ ಬರಲು ಅಷ್ಟು ಸಾಕು.

ಮುಖ್ಯ ಮಾತು. ಅರ್ತಿಂಗ್ ಸರಿ ಇಲ್ಲದೆ ಚಾರ್ಜರ್ ಸಿಕ್ಕಿಸಬೇಡಿ. ಹಳೇ ಮನೆಯ ವಯರಿಂಗ್ ಆದರೆ ಮೀಟರ್ ಬೋರ್ಡಿನಿಂದ ಬೇರೆಯೇ ಲೈನ್ ಎಳೆಸಿ. ನೀರಾವರಿ ಪಂಪಿನ ಕೃಷಿ ಕನೆಕ್ಷನ್ನಿನಿಂದ ಕಾರು ಚಾರ್ಜ್ ಮಾಡುವ ಉಪಾಯ ಬೇಡವೇ ಬೇಡ. ಸಿಕ್ಕಿಬಿದ್ದರೆ ದಂಡ ನೋಡಿ ಡೀಸೆಲೇ ಒಳ್ಳೆಯದಿತ್ತು ಅನ್ನಿಸುತ್ತದೆ.

ಮಾಡಿನ ಮೇಲೆ ಸೋಲಾರ್ ಹಾಕುವವರಿಗೆ 3 ಕಿಲೋವ್ಯಾಟಿಗೆ ಕೇಂದ್ರದ ಸಬ್ಸಿಡಿ 78 ಸಾವಿರ ರೂಪಾಯಿ ಉಂಟು. ಬೇಸಿಗೆಯಲ್ಲಿ ದಿನಕ್ಕೆ 12 ಯೂನಿಟ್ ಬಂದೀತು. ಆಟಿಯ ಮಳೆಯಲ್ಲಿ ಅದರ ಮುಖ ನೋಡಬೇಡಿ.

ಬದಿಯಡ್ಕ ಡ್ರೈವರ್
ಭಾರದ ಲೆಕ್ಕ ಯಾರೂ ಹೇಳಲಿಲ್ಲ. ಈ ಅಮೆರಿಕದ ಗಾಡಿಗಳು ಖಾಲಿಯಲ್ಲೇ ಎರಡೂವರೆ ಮೂರು ಟನ್. ಹಮ್ಮರ್ ಅಂತ ಒಂದು ಉಂಟು, ಅದು ನಾಲ್ಕು ಟನ್. ನಮ್ಮ ಒಳದಾರಿಯ ತೋಡಿಗೆ ಹಾಕಿದ ಸಂಕ, ಆ ಸಣ್ಣ ಸೇತುವೆ, ತಡೆಯುತ್ತದಾ? ಕಲ್ಲು ಕಟ್ಟಿ ಮೇಲೆ ಸ್ಲ್ಯಾಬು ಎಳೆದದ್ದು, ನಮ್ಮ ಅಜ್ಜನ ಕಾಲದ್ದು.

ಹೊಸಂಗಡಿ ಹರಟೆ
ನಿಮ್ಮ ಪಿಕಪ್ಪಿಗೆ 1300 ಕೆಜಿ ತುಂಬಿದರೆ ಎಷ್ಟಾಗುತ್ತದೆ ಡ್ರೈವರೇ? ಅದೂ ಮೂರು ಟನ್ ಹತ್ತಿರ. ದಿನಾ ಅದೇ ಸಂಕದಲ್ಲಿ ಹೋಗುತ್ತಾ ಇದ್ದೀರಿ.

ಬದಿಯಡ್ಕ ಡ್ರೈವರ್
ಹೌದು, ಆದರೆ ಪ್ರತಿ ಸಲ ರಾಮ ರಾಮ ಅಂತ ಹೋಗುತ್ತೇನೆ. ಮೂರು ಟನ್ನಿನ ಖಾಲಿ ಗಾಡಿಗೆ ಗೋಣಿ ಹಾಕಿದರೆ ನಾಲ್ಕಾಗುತ್ತದೆ. ಆಗ ರಾಮನೂ ಬರುವುದಿಲ್ಲ.

ಚಡವಿನ ಬಗ್ಗೆ ಮಾತ್ರ ಕರೆಂಟು ಗಾಡಿಯನ್ನು ಹೊಗಳಲೇಬೇಕು. ನಮ್ಮ ಪೇಟೆಯಲ್ಲಿ ಒಬ್ಬರ ಹತ್ತಿರ ಸಣ್ಣ ಕರೆಂಟ್ ಸಾಮಾನು ಗಾಡಿ ಉಂಟು. ಎಂಟು ಗೋಣಿ ಚಾಲಿ ಅಡಿಕೆ ಹೇರಿ, ಗೋಣಿಗೆ 65 ಕೆಜಿ ಅಂದರೂ 500ಕ್ಕೆ ಮೇಲೆ, ಚಡವಿನ ಮಧ್ಯ ನಿಲ್ಲಿಸಿ ಮತ್ತೆ ಎತ್ತಿದರು. ಕ್ಲಚ್ಚು ಸುಡುವ ವಾಸನೆ ಇಲ್ಲ, ಹೊಗೆ ಇಲ್ಲ, ಹಿಂದೆ ಜಾರಲಿಲ್ಲ. ಇಳಿಯುವಾಗ ಬ್ರೇಕು ತುಳಿಯುವುದೂ ಕಮ್ಮಿ, ಮೋಟಾರೇ ಹಿಡಿದು ಚಾರ್ಜ್ ವಾಪಸ್ ತುಂಬಿಕೊಳ್ಳುತ್ತದೆ. ನನಗೆ ಹೊಟ್ಟೆಕಿಚ್ಚು ಬಂತು. ಆದರೆ ಒಂದು ಸಣ್ಣ ಪಾರ್ಟಿಗೆ ಅವರು ಹತ್ತೊಂಬತ್ತು ದಿನ ಕಾದರು. ಹತ್ತೊಂಬತ್ತು ದಿನ ಬಾಡಿಗೆ ನನಗೆ ಬಂತು, ಅದು ಬೇರೆ ವಿಷಯ.

ಕುಂಬಳೆ ಲೋಕಲ್
ಹೈವೇಯಲ್ಲಿ ಚಾರ್ಜಿಂಗ್ ಮಾಡಲು ಒಂದೊಂದು ಕಂಪನಿಗೆ ಒಂದೊಂದು ಆಪ್. ನನ್ನ ಫೋನಿನಲ್ಲಿ ಐದು ಉಂಟು. ಒಂದರಲ್ಲೂ ಕನ್ನಡ ಇಲ್ಲ. ಒಂದು ಆಪಿನ ಮ್ಯಾಪು ಊರಿನ ಹೆಸರನ್ನು ಓದುವ ಚಂದ ಕೇಳಿದರೆ ನಮ್ಮ ಊರೇ ನಮಗೆ ಗುರುತು ಸಿಗುವುದಿಲ್ಲ.

ಹೊಸಂಗಡಿ ಹರಟೆ
ಆಪ್ ಬಿಡಿ, ಬಸ್ಸಿನ ಬೋರ್ಡಿನಲ್ಲಿ ಕನ್ನಡ ಉಳಿಸಿಕೊಳ್ಳಲಿಕ್ಕೇ ಬಂಙ ಬರುತ್ತಾ ಇದ್ದೇವೆ. ಮೊನ್ನೆ ನಾನು

ನಿರ್ವಾಹಕ
ಬೋರ್ಡಿನ ವಿಷಯಕ್ಕೆ ಬೇರೆ ಚರ್ಚೆ ಉಂಟು, ಈಗಾಗಲೇ 340 ಉತ್ತರ ಬಂದಿದೆ. ಇಲ್ಲಿ ಪಿಕಪ್ ಮಾತ್ರ.

ಹೊಸಂಗಡಿ ಹರಟೆ
ಆಯಿತು ಮಾರಾಯ್ರೆ. ಪೂರ್ತಿ ಬರೆಯಲೂ ಬಿಡಲಿಲ್ಲ.

ನೀರ್ಚಾಲು ಟೀಚರ್
ನಾನು ಒಂದು ಬೇರೆ ಮಾತು ಹೇಳುತ್ತೇನೆ. ಇಲ್ಲಿ ಎಲ್ಲರೂ ಟನ್ನು, ಯೂನಿಟ್ಟು ಅಂತ ಲೆಕ್ಕ ಹಾಕುತ್ತಾ ಇದ್ದೀರಿ. ಅಮ್ಮನ ಮೊಣಗಂಟಿನ ಲೆಕ್ಕ ಯಾರು ಹಾಕಿದರು?

ನಮ್ಮ ಮಾವ ಎರಡು ವರ್ಷ ಡೀಸೆಲ್ ಡಬಲ್ ಕ್ಯಾಬ್ ಇಟ್ಟುಕೊಂಡಿದ್ದರು. ನೋಡಲು ಗಮ್ಮತ್ತು. ಅತ್ತೆಗೆ ಹತ್ತಲು ಪ್ಲಾಸ್ಟಿಕ್ ಸ್ಟೂಲ್ ಬೇಕಿತ್ತು. ಸ್ಟೂಲ್ ಅಂಗಳದಲ್ಲಿ ಬಿಟ್ಟು ಹೋದರೆ ಅಲ್ಲಿ ಇಳಿಯಲು ಆಗುತ್ತಿರಲಿಲ್ಲ. ಹಾಗಾಗಿ ಸ್ಟೂಲ್ ಯಾವಾಗಲೂ ಗಾಡಿಯ ಹಿಂದೆ. ಒಂದು ದಿನ ಮಧೂರಿನಿಂದ ಬರುವಾಗ ಅದು ಹಾರಿಹೋಯಿತು, ಅತ್ತೆ ಮನೆ ಮುಂದೆ ಹತ್ತು ನಿಮಿಷ ಗಾಡಿಯಲ್ಲೇ ಕೂತಿದ್ದರು. ಆ ಮೇಲೆ ಅವರು "ನಾನು ಎಲ್ಲಿಗೂ ಬರುವುದಿಲ್ಲ, ನೀವು ಹೋಗಿ ಬನ್ನಿ" ಅನ್ನಲು ಶುರು ಮಾಡಿದರು. ಗಾಡಿಯಿಂದಾಗಿ ಅಂತ ನಮಗೆ ಗೊತ್ತಾಗಲು ಆರು ತಿಂಗಳು ಬೇಕಾಯಿತು.

ಮಳೆಗಾಲದಲ್ಲಿ ಸೂಟ್‌ಕೇಸಿಗೆ ಟಾರ್ಪಾಲು ಕಟ್ಟಿಕೊಂಡು ನೆಂಟರ ಮನೆಗೆ ಹೋದದ್ದೂ ಉಂಟು. ಹಿಂದೆ ಹಟ್ಟಿಗೊಬ್ಬರ ಹೊತ್ತ ಮರುದಿನ ಅದೇ ಜಾಗದಲ್ಲಿ ಮದುಮಗಳ ಸೀರೆಯ ಪೆಟ್ಟಿಗೆ ಇಡುವುದು ಹೇಗೆ ಹೇಳಿ. ತೊಳೆದರೂ ವಾಸನೆ ಹೋಗುವುದಿಲ್ಲ.

ಈಗ ನನ್ನ ಹತ್ತಿರ ಕರೆಂಟಿನ ಸಣ್ಣ ಎಸ್‌ಯುವಿ ಉಂಟು. ತೆಂಗಿನಕಾಯಿ ಐವತ್ತು ಅರುವತ್ತು ಡಿಕ್ಕಿಯಲ್ಲಿ ಹಿಡಿಯುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಬಾಡಿಗೆ ಪಿಕಪ್ಪಿಗೆ ಫೋನ್.

ಉಪ್ಪಳದ ಹುಡುಗ
ಟೀಚರ್ ಹೇಳಿದ ಮೇಲೆ ನೆನಪಾಯಿತು. ಆರು ಜನಕ್ಕೆ ಕರೆಂಟೇ ಬೇಕು ಅಂದರೆ ಈಗ ಏಳು ಸೀಟಿನವು ಬಂದಿವೆ. ಕಿಯಾ ಕ್ಯಾರೆನ್ಸ್ ಕ್ಲಾವಿಸ್ ಇವಿ 2025ರ ಜುಲೈಯಲ್ಲಿ ಬಂತು, ಬ್ಯಾಟರಿ 42 ಅಥವಾ 51.4 ಯೂನಿಟ್. ಮಹೀಂದ್ರಾ ಎಕ್ಸ್‌ಇವಿ 9ಎಸ್ ನವೆಂಬರ್‌ನಲ್ಲಿ ಬಂತು, 59ರಿಂದ ಶುರುವಾಗಿ 79 ಯೂನಿಟ್‌ವರೆಗೆ. ಷೋರೂಂ ಬೆಲೆ ಕಿಯಾ 18 ಲಕ್ಷದಿಂದ, ಮಹೀಂದ್ರಾ 20 ಲಕ್ಷದಿಂದ ಅಂತ ಹೇಳಿದ್ದರು. ಮೂರನೇ ಸಾಲು ಮಡಚಿದರೆ ಹಿಂಡಿ ಚೀಲ ನಾಲ್ಕು ಆರಾಮ ಹಿಡಿಯುತ್ತದೆ.

ತೆರಿಗೆ ನೋಡಿಕೊಳ್ಳಿ. ಕೇರಳದಲ್ಲಿ 2025ರ ಏಪ್ರಿಲ್‌ನಿಂದ ಕರೆಂಟು ಗಾಡಿಗೆ 15 ಲಕ್ಷದವರೆಗೆ 5 ಶೇಕಡ, 15ರಿಂದ 20ರವರೆಗೆ 8, ಅದರ ಮೇಲೆ 10. ಒಂದು ಬಣ್ಣ, ಒಂದು ಸನ್‌ರೂಫ್ ಅಂತ ಏರಿಸುತ್ತಾ ಹೋದರೆ 20 ದಾಟಿ ಕೈ ಸುಡುತ್ತದೆ.

ಕುಂಬಳೆ ಲೋಕಲ್
ಮಂಗಳೂರಿನಲ್ಲಿ ರಿಜಿಸ್ಟ್ರೇಷನ್ ಮಾಡಿಸಿದರೆ ಆಗುವುದಿಲ್ಲವಾ? ನಮ್ಮ ಕಡೆ ಅರ್ಧ ಜನ ಮಂಗಳೂರಿನ ಕೆಎ 19 ನಂಬರು ಇಟ್ಟುಕೊಂಡು ತಿರುಗುತ್ತಾರೆ.

ಕರೆಂಟ್ ಮಾಸ್ಟ್ರು
ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಮತ್ತೆ ರಿಜಿಸ್ಟರ್ ಮಾಡಿಸಲೇಬೇಕು. ತಲಪಾಡಿ ಗಡಿ ದಾಟುವಾಗ ಪ್ರತಿ ಸಲ ಎದೆ ಡವಡವ ಅನ್ನಿಸಿಕೊಳ್ಳುವುದಕ್ಕಿಂತ ತೆರಿಗೆ ಕಟ್ಟಿ ಸುಖವಾಗಿರಿ.

ಅಡಿಲೇಡ್ ಅಕ್ಕ
ಹೈಲಕ್ಸ್ ಕರೆಂಟಿನಲ್ಲಿ ಬರುತ್ತದೆ, ಅದಕ್ಕಾಗಿ ಕಾಯಿರಿ ಅಂತ ಯಾರಾದರೂ ಹೇಳಿದರೆ ಕಾಯಬೇಡಿ. 2025ರ ನವೆಂಬರ್‌ನಲ್ಲಿ ತೋರಿಸಿದರು. 59.2 ಯೂನಿಟ್ ಬ್ಯಾಟರಿ, ಸುಮಾರು 240 ಕಿಲೋಮೀಟರ್. ಗಣಿ ಕಂಪನಿಗಳಿಗೆ, ಒಂದೇ ಜಾಗದಲ್ಲಿ ತಿರುಗುವವರಿಗೆ ಆದೀತು. ಆರು ಜನರ ಮನೆಗೆ ಅದೂ ಐದೇ ಸೀಟು!

ಟೆಕ್ಸಾಸ್ ಮುಳ್ಳೇರಿಯ
ರಿವಿಯನ್ ಬಗ್ಗೆ ಯಾರೂ ಹೇಳಲಿಲ್ಲ. ಗೆಳೆಯನದ್ದು ಓಡಿಸಿದ್ದೇನೆ. ಮನೆಮಂದಿಗೆ ನನ್ನ ಮಟ್ಟಿಗೆ ಅದೇ ಒಂದನೇ ನಂಬರು. ಉದ್ದ ಐದೂವರೆ ಮೀಟರ್, ಲೈಟ್ನಿಂಗ್‌ಗಿಂತ ಗಿಡ್ಡ. ಏರ್ ಸಸ್ಪೆನ್ಷನ್, ಹತ್ತುವಾಗ ಗಾಡಿಯನ್ನು ತಗ್ಗಿಸಬಹುದು. ಟೀಚರ ಅತ್ತೆಗೆ ಸ್ಟೂಲ್ ಬೇಕಾಗುತ್ತಿರಲಿಲ್ಲ. ಹಿಂದಿನ ಸೀಟಿನ ಹಿಂಬದಿಯಲ್ಲಿ ಈ ಬದಿಯಿಂದ ಆ ಬದಿಗೆ ಒಂದು ಸುರಂಗದ ಹಾಗೆ ಜಾಗ ಉಂಟು, ಬೀಗ ಹಾಕಬಹುದು. ಚೆಂಡೆ ಮದ್ದಳೆ ಅದರಲ್ಲಿ ಹಾಕಿಕೊಂಡು ನಾವು ಹೂಸ್ಟನ್‌ಗೆ ತಾಳಮದ್ದಳೆಗೆ ಹೋಗಿದ್ದೆವು.

ಹೊಸಂಗಡಿ ಹರಟೆ
ಪ್ರಸಂಗ ಯಾವುದು? ಅರ್ಥಧಾರಿಗಳು ಯಾರು?

ಟೆಕ್ಸಾಸ್ ಮುಳ್ಳೇರಿಯ
ಕರ್ಣಪರ್ವ. ಕೃಷ್ಣನ ಅರ್ಥ ನನ್ನದೇ. ಬೈಯುವುದಾದರೆ ನಿರ್ವಾಹಕರು ನಿದ್ದೆ ಮಾಡಿದ ಮೇಲೆ ಬೈಯಿರಿ.

ತೋಟದಮನೆ ಪೆರ್ಲ
ಎಲ್ಲರಿಗೂ ಉಪಕಾರ. ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ.

ಟೀಚರ್ ಬರೆದದ್ದನ್ನು ಓದಿದ ರಾತ್ರಿ ಅಮ್ಮನನ್ನು ಕೇಳಿದೆ, ಜೀಪಿಗೆ ಹತ್ತಲು ಕಷ್ಟವಾ ಅಂತ. "ನಾನು ಜೀಪಿಗೆ ಹತ್ತದೆ ನಾಲ್ಕು ವರ್ಷವಾಯಿತು, ನಿನಗೆ ಈಗ ಗೊತ್ತಾದದ್ದಾ" ಅಂದರು. ಸುಮ್ಮನಾದೆ.

ಮರುದಿನ ಅಪ್ಪನ ಲೆಕ್ಕದ ಪುಸ್ತಕ ತೆಗೆದೆ. ಅವರು ದಿನಾ ಬರೆಯುತ್ತಾರೆ, ಯಾವ ಗಾಡಿ ಎಲ್ಲಿಗೆ ಹೋಯಿತು, ಎಷ್ಟು ಡೀಸೆಲ್, ಎಲ್ಲ. ಹೋದ ವರ್ಷ ಜೀಪಿನಲ್ಲಿ ಸಾಮಾನು ಹೇರಿದ ದಿನ ಎಷ್ಟು ಅಂತ ಎಣಿಸಿದೆ. ನಾನು ನೂರಾದರೂ ಇದ್ದೀತು ಅಂದುಕೊಂಡಿದ್ದೆ. 37. ಅದರಲ್ಲಿ ಹನ್ನೊಂದು ದಿನ ಎರಡೇ ಚೀಲ ಹಿಂಡಿ. ಜನ ಕೂತು ಹೋದ ದಿನ 290ಕ್ಕೆ ಮೇಲೆ, ಹೆಚ್ಚಿನದ್ದು ಶಾಲೆ ಮತ್ತು ಪೇಟೆ. ಅಂದರೆ ನಾನು ನೋಡುತ್ತಿದ್ದದ್ದು ವರ್ಷಕ್ಕೆ 26 ದಿನದ ಕೆಲಸಕ್ಕಾಗಿ ಐದೂವರೆ ಮೀಟರ್ ಗಾಡಿ.

ಸಣ್ಣ ಕಾರು ಕೊಡುವುದು, ಏಳು ಸೀಟಿನ ಕರೆಂಟು ಗಾಡಿ ನೋಡುವುದು ಅಂತ ಆಗಿದೆ. ಶನಿವಾರ ಮಂಗಳೂರಿಗೆ ಹೋಗಿ ಓಡಿಸಿ ಬರುತ್ತೇವೆ. ಅಮ್ಮನೂ ಬರುತ್ತಾರೆ, ಹತ್ತಿ ಇಳಿದು ಅವರು ಹೂಂ ಅಂದರೆ ಮಾತ್ರ ಮುಂದಿನ ಮಾತು. ವಯರಿಂಗ್ ಮಾಡುವವರು ಸೋಮವಾರ ಬರುತ್ತಾರೆ, ಮಾಸ್ಟ್ರು ಹೇಳಿದ ಹಾಗೆ ಬೇರೆ ಲೈನ್ ಮತ್ತು ಅರ್ತಿಂಗ್.

ಕುಂಬಳೆ ಲೋಕಲ್
ಜೀಪು?

ತೋಟದಮನೆ ಪೆರ್ಲ
ಜೀಪು ಕೊಡುವ ಮಾತು ತೆಗೆದದ್ದಕ್ಕೆ ಅಪ್ಪ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಜೀಪು ಇರುತ್ತದೆ.

ಹೊಸಂಗಡಿ ಹರಟೆ
ಹಾಗಾದರೆ ಎರಡು ಗಾಡಿ ಕೊಟ್ಟು ಒಂದು ಅಂತ ಶುರುವಾದದ್ದು ಎರಡು ಗಾಡಿಗೇ ಬಂದು ನಿಂತಿತು. ನಾವು ಸುಮ್ನೆ ಇಷ್ಟು ಬರೆದದ್ದಾ?

ಅಡಿಲೇಡ್ ಅಕ್ಕ
ಕರೆಂಟು ಗಾಡಿ ಬಂದ ಮೇಲೆ ಗ್ರೈಂಡರ್ ಸಿಕ್ಕಿಸಿ ನೋಡಿ, ಫೋಟೋ ಹಾಕಿ.

ಬದಿಯಡ್ಕ ಡ್ರೈವರ್
ತೋಟದಮನೆಯವರೇ, ಆ 26 ದಿನಕ್ಕೆ ನನಗೆ ಫೋನ್ ಮಾಡಿ. ಬಾಡಿಗೆ ನೋಡಿ ಹೇಳುವ. ನಿಮ್ಮ ಸಂಕ ಮಾತ್ರ ಮಳೆಗಾಲಕ್ಕೆ ಮೊದಲು ಒಮ್ಮೆ ಸರಿ ಮಾಡಿಸಿ ಮಾರಾಯ್ರೆ.